ಮನಿ ಎಲ್ಲಾಯ್ತ್?

ಕುಂದಾಪುರದಲ್ಲಿ ನಮ್ಮ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಲ್ಲಲು ಶುರು ಮಾಡಿ ನನಗೆ ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಕೇಳಿದರೆ ಯೋಚಿಸಬೇಕಾದ್ದೇ ಇಲ್ಲ. "ಮನಿ ಎಲ್ಲಾಯ್ತ್?" ಎಂಬುದು. ನಿಮ್ಮ ಮನೆ ಎಲ್ಲಿ ಎಂದಷ್ಟೇ ಅದರ ಅರ್ಥ. ಗಿರಾಕಿ ಡಾಕ್ಟರ ಚೀಟಿ ಚಾಚಿದ ಕೂಡಲೇ ಕೈ ಚೀಟಿಯ ಕಡೆಗೆ ಹೋಗುತ್ತದೆ, ಬಾಯಿ ಈ ಪ್ರಶ್ನೆಯ ಕಡೆಗೆ ಹೋಗುತ್ತದೆ. ಎರಡೂ ನನ್ನ ಅಪ್ಪಣೆ ಕೇಳುವುದಿಲ್ಲ.

ನಮ್ಮ ಕಡೆ ಇದನ್ನು ಮರ್ಯಾದೆ ಎನ್ನುತ್ತಾರೆ. ಬಂದವರ ಮನೆ ಕೇಳದೆ ಕಳಿಸುವುದೆಂದರೆ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದ ಹಾಗೆ. ಗುಲ್ವಾಡಿ ಎಂದರೆ ಹೊಳೆಯ ಬದಿಯೋ ಮೇಲಿನ ಬದಿಯೋ, ಹೊಳೆಯ ಬದಿ ಎಂದರೆ ಯಾವ ಮನೆ, ಆ ಮನೆ ಎಂದರೆ ಮುಂಬಯಿಯಲ್ಲಿ ಹೋಟೆಲ್ ಇಟ್ಟವರ ಅಣ್ಣನ ಕಡೆಯವರೋ ತಂಗಿಯ ಕಡೆಯವರೋ. ಮೂರು ಪ್ರಶ್ನೆ ಕೊಡಿ, ಯಾರನ್ನಾದರೂ ಅವರ ಮನೆಯ ಬಾಗಿಲಿಗೆ ಮುಟ್ಟಿಸುತ್ತೇನೆ. ಒಮ್ಮೆ ಅಂಗಡಿಯಲ್ಲಿ ಜನ ತುಂಬಿದ್ದಾಗ ಗುಲ್ವಾಡಿಯ ಒಬ್ಬ ಅಜ್ಜಿಗೆ ಏನೂ ಕೇಳದೆ ಮಂಡಿನೋವಿನ ಮುಲಾಮು ಕೊಟ್ಟು ಕಳಿಸಿದೆ. ಮರುವಾರ ಅವರು ನನ್ನ ಗಂಡನ ಹತ್ತಿರ, "ನಿಮ್ ಹೆಂಡ್ತಿಗೆ ಈಗೀಗ ಸ್ವಲ್ಪ ಜಂಬ ಬಂದಿತ್, ಅಲ್ದಾ?" ಎಂದು ಕೇಳಿಹೋದರು.

ಅಂಗಡಿ ಹಾಕಿದ್ದು ನನ್ನ ಮಾವ. ನನಗೆ ಡಿ.ಫಾರ್ಮಾ ಓದಿಸಿ ಕೌಂಟರಿಗೆ ನಿಲ್ಲಿಸಿದವರೂ ಅವರೇ. "ಮನಿ ಕೇಣ್ದೆ ಔಷಧಿ ಕೊಡುಕಾಗ" ಎಂದು ಮೊದಲ ದಿನವೇ ಹೇಳಿದ್ದರು, ಮನೆ ಕೇಳದೆ ಕೊಡಬಾರದೆಂದು. ಅದರಲ್ಲಿ ಅರ್ಥವೂ ಇತ್ತು. ಮನೆ ಗೊತ್ತಾದರೆ ಆ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ ಎಂಬುದೆಲ್ಲ ನೆನಪಾಗುತ್ತದೆ. ಒಂದೆರಡು ಜೀವ ಉಳಿದದ್ದೂ ಈ ಪ್ರಶ್ನೆಯಿಂದಲೇ. ಹಾಗಾಗಿ ಇದರಿಂದ ಯಾರಿಗಾದರೂ ಕೇಡಾದೀತು ಎಂದು ನನಗೆ ಎಂದೂ ಹೊಳೆದಿರಲಿಲ್ಲ.

ಆದರೆ ಒಂದು ಜಾತಿಯ ಗಿರಾಕಿಗಳು ಈ ಪ್ರಶ್ನೆಗೆ ಹೆದರಿ ಓಡುವುದನ್ನು ನಾನು ಇಪ್ಪತ್ತಾರು ವರ್ಷವೂ ನೋಡಿದ್ದೇನೆ. ಕಾಲೇಜು ಹುಡುಗರು. ಕಾಂಡೋಮ್ ಬೇಕಾದ ಹುಡುಗ ಹೇಗೆ ಬರುತ್ತಾನೆ ಎಂಬುದು ನನಗೆ ಬಾಯಿಪಾಠ. ಮೊದಲು ಎದುರಿನ ಮೊಬೈಲ್ ಅಂಗಡಿಯ ಹತ್ತಿರ ನಿಲ್ಲುತ್ತಾನೆ. ನಮ್ಮ ಅಂಗಡಿ ಖಾಲಿಯಾಗುವುದನ್ನು ಕಾಯುತ್ತಾನೆ. ಬಂದು ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಅಷ್ಟರಲ್ಲಿ ಯಾರಾದರೂ ಬಂದರೆ ನೆಗಡಿಯ ಮಾತ್ರೆ ಕೇಳುತ್ತಾನೆ. ಯಾರೂ ಬರದಿದ್ದರೆ ನಾನಿದ್ದೇನಲ್ಲ, ಮನೆ ಕೇಳುತ್ತೇನೆ.

ಅದಕ್ಕೇ ನಮ್ಮ ಮೂರು ಪೇಟೆಗಳ ನಡುವೆ ಒಂದು ವಿಚಿತ್ರ ಸಂಚಾರ ನಡೆಯುತ್ತದೆ. ಬೈಂದೂರಿನ ಹುಡುಗರು ಕುಂದಾಪುರಕ್ಕೆ ಬರುತ್ತಾರೆ. ಕುಂದಾಪುರದವರು ಬ್ರಹ್ಮಾವರಕ್ಕೆ ಹೋಗುತ್ತಾರೆ. ಬ್ರಹ್ಮಾವರದವರು, ನನಗೆ ಗೊತ್ತಿದ್ದ ಮಟ್ಟಿಗೆ, ನಮ್ಮನ್ನೂ ದಾಟಿ ಬೈಂದೂರಿಗೇ ಹೋಗುತ್ತಾರೆ. ಎಲ್ಲ ಕಡೆಯೂ ಸಿಗುವುದು ಒಂದೇ ಪೊಟ್ಟಣ, ಎದುರಾಗುವುದೂ ಒಂದೇ ಪ್ರಶ್ನೆ. ನಾವು ಅಂಗಡಿಯವರು ಒಟ್ಟಿಗೆ ಸೇರಿದಾಗ ಇದನ್ನು ಹೇಳಿಕೊಂಡು ಚೆನ್ನಾಗಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ, ಸ್ವಲ್ಪ ಜೋರಾಗಿಯೇ.

ಕಳೆದ ವರ್ಷ ಒಂದು ಶುಕ್ರವಾರ ಮಧ್ಯಾಹ್ನ ಅಂಥದ್ದೇ ಒಬ್ಬ ಹುಡುಗ ಬಂದ. ಡಿಗ್ರಿಯ ಕೊನೆಯ ವರ್ಷದವನಿರಬೇಕು, ಗಡ್ಡ ಅಚ್ಚುಕಟ್ಟಾಗಿ ಕತ್ತರಿಸಿಕೊಂಡಿದ್ದ. ಕ್ಯಾಲೆಂಡರ್ ನೋಡುವ ಕೆಲಸ ಮುಗಿಸಿ ಕೌಂಟರಿಗೆ ಬಂದು ಬಾಯಿ ತೆರೆಯುವಷ್ಟರಲ್ಲಿ ನಾನು ಕೇಳಿಬಿಟ್ಟೆ.

"ಮನಿ ಎಲ್ಲಾಯ್ತ್ ಮಗಾ?"

"ಬಿಜೂರ್."

"ಬಿಜೂರಗೆ ಎಲ್ಲಿ? ತ್ವಾಟದ್ ಬದಿಯಾ?"

ಅವನು ಹೂಂ ಎಂದ. ಆ ಮೂಗು, ಆ ಹುಬ್ಬು ನೋಡಿ ನನಗೆ ಮೂರನೆಯ ಪ್ರಶ್ನೆಯೂ ಬೇಕಾಗಲಿಲ್ಲ. "ನಿಮ್ಮಮ್ಮ ತಿಂಗ್ಳ್ ತಿಂಗ್ಳ್ ಬಿಪಿ ಮಾತ್ರಿಗ್ ಇಲ್ಲಿಗೇ ಬತ್ರಲ್ದಾ? ಮಾವ ಮುಂಬೈಯಗೆ ಹೋಟ್ಲಗಿಪ್ಪುದ್?" ಎಂದೆ.

ಹುಡುಗನ ಮುಖ ಬಾಡಿತು. ಗಂಟಲು ನೋವಿನ ಗುಳಿಗೆ ಕೇಳಿದ, ತೆಗೆದುಕೊಂಡು ಹೋದ. ಅವನು ಯಾಕೆ ಬಂದಿದ್ದನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಎರಡನೆಯ ಪ್ರಶ್ನೆ ಕೇಳಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸಂಜೆ ಚಹಾ ಕುಡಿಯುವಾಗ ಗಂಡನಿಗೆ, "ಬಿಜೂರಿನ ಗಂಡೊಂದ್ ಇವತ್ ಗಂಟ್ಲ್ ನೋವಿನ್ ಮಾತ್ರಿ ತಕಂಡ್ ಹೋಯ್ತ್" ಎಂದು ನಡೆದದ್ದನ್ನು ಹೇಳಿದೆ. ಇಬ್ಬರೂ ನಕ್ಕೆವು. ಒಬ್ಬರ ಮಗನನ್ನು ದಾರಿ ತಪ್ಪದಂತೆ ತಡೆದೆ ಎಂಬ ಸಣ್ಣ ಹೆಮ್ಮೆಯೂ ಮನಸ್ಸಿನಲ್ಲಿತ್ತು.

ಇಲ್ಲಿಗೆ ಬರುವಷ್ಟರಲ್ಲಿ ಓದುಗರಲ್ಲಿ ನಮ್ಮ ಕಡೆಯವರು ಬಿಜೂರಿನ ತೋಟದ ಬದಿಯ ಮನೆಗಳನ್ನು ಒಂದೊಂದಾಗಿ ನೆನೆಸಿಕೊಳ್ಳಲು ಶುರು ಮಾಡಿರುತ್ತಾರೆ. ದಯವಿಟ್ಟು ಬಿಟ್ಟುಬಿಡಿ. ಊರುಗಳ ಹೆಸರನ್ನು ಅದಲುಬದಲು ಮಾಡಿದ್ದೇನೆ. ಮುಂದೆ ಕೆರಾಡಿ ಎಂದು ಬರುತ್ತದೆ, ಅದೂ ಹಾಗೆಯೇ.

ನಾಲ್ಕು ದಿನ ಕಳೆದು ಮಂಗಳವಾರ, ಬೆಳಿಗ್ಗೆ ಅಂಗಡಿಯ ಕಸ ಗುಡಿಸಿ ಆಗಿತ್ತಷ್ಟೆ. ಒಬ್ಬಳು ಹುಡುಗಿ ಬಂದಳು. ಬೆನ್ನಿಗೆ ಕಾಲೇಜಿನ ಚೀಲ. ಕಾಲೇಜಿನ ಹೆಸರು ಕಾಣಬಾರದೆಂದು ಕುತ್ತಿಗೆಯ ಗುರುತಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿದ್ದಳು, ಟ್ಯಾಗಿನ ಬಣ್ಣ ಮಾತ್ರ ಕಾಣುತ್ತಿತ್ತು. ಏನೂ ಹೇಳದೆ ಮೊಬೈಲನ್ನು ನನ್ನತ್ತ ತಿರುಗಿಸಿದಳು. ಪರದೆಯ ಮೇಲೆ ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯ ಚಿತ್ರವಿತ್ತು.

"ಮನಿ ಎಲ್ಲಾ..."

"ಅಕ್ಕಾ, ಮನಿ ಕೇಣ್ಬೇಡಿ. ಔಷಧಿ ಕೊಟ್ರೆ ಸಾಕ್."

ಇಪ್ಪತ್ತಾರು ವರ್ಷಗಳಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಸಿಟ್ಟು ಬಂತು. ನನ್ನ ಮಕ್ಕಳಿಗಿಂತಲೂ ಸಣ್ಣವಳು, ಓದಲಿಕ್ಕೆಂದು ಮನೆ ಬಿಟ್ಟು ಬಂದವಳು, ನನಗೇ ಬುದ್ಧಿ ಹೇಳುತ್ತಾಳಲ್ಲ ಎಂದು. ವಯಸ್ಸೆಷ್ಟು ಎಂದೆ ಗಡುಸಾಗಿ. ಇಪ್ಪತ್ತೊಂದು ತುಂಬಿತು ಎಂದಳು. ಎಂದು ನಡೆದದ್ದು ಎಂದು ಕೇಳಿದೆ. ಶನಿವಾರ ಮಧ್ಯಾಹ್ನ ಎಂದಳು.

ನಾನು ಬೆರಳು ಮಡಚಿದೆ. ಈ ಮಾತ್ರೆಯನ್ನು ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು, ಮೂರು ದಿನ ಎಂಬುದು ಅದರ ಗಡಿ. ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನಕ್ಕೆ ಮೂರು ದಿನ. ಉಳಿದಿದ್ದದ್ದು ನಾಲ್ಕೈದು ಗಂಟೆ.

"ಇಷ್ಟ್ ದಿನ ಎಂತ ಮಾಡ್ತಿದ್ದೆ ಮಾರಾಯ್ತಿ?" ಎಂದೆ.

"ಆಯ್ತ್ವಾರ ಬೈಂದೂರಿಗ್ ಹೋದೆ ಅಕ್ಕ. ಅಲ್ಲಿ ಮನಿ ಕೇಂಡ್ರ್. ತಲಿನೋವಿನ್ ಮಾತ್ರಿ ತಕಂಡ್ ವಾಪಸ್ ಬಂದೆ. ನಿನ್ನೆ ಕಾಲೇಜ್ ಬಿಟ್ ಬ್ರಹ್ಮಾವರಕ್ ಹೋದೆ. ಅಲ್ಲೂ ಮನಿ ಕೇಂಡ್ರ್."

ಅವಳ ಕೈ ಕೌಂಟರಿನ ಗಾಜಿನ ಅಂಚನ್ನು ಹಿಡಿದುಕೊಂಡಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮೊದ್ಲೇ ಜಾಗ್ರತಿ ಮಾಡ್ಕಂಬುಕೆ ಎಂತ ಆಯಿತ್ತ್ ನಿಮ್ಗೆ? ಇಷ್ಟ್ ಓದ್ತ್ರಿ" ಎಂದೆ.

"ಅವ ಶುಕ್ರವಾರ ಇಲ್ಲಿಗೇ ಬಂದಿದ್ದ ಅಕ್ಕ. ನೀವ್ ಅವ್ನ್ ಮನಿ ಕೇಂಡ್ರಿ."

ಆಪಾದನೆಯ ದನಿಯಲ್ಲಿ ಹೇಳಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವಳು ಬಸ್ಸು ತಪ್ಪಿದ ಕಾರಣ ಹೇಳುವಂತೆ ಹೇಳಿದಳು. ಒಳಗೆ ಔಷಧಿ ಜೋಡಿಸುವ ಕಡೆ ಒಂದು ಸ್ಟೂಲ್ ಇದೆ, ಅದರ ಮೇಲೆ ಕೂರಿಸಿದೆ. ನನ್ನ ನೀರಿನ ಬಾಟಲಿಯನ್ನೇ ಕೊಟ್ಟು ಅಲ್ಲೇ ಮಾತ್ರೆ ನುಂಗಿಸಿದೆ. ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಕೂಡಲೇ ಮತ್ತೆ ಬಾ ಎಂದೆ. ಮುಟ್ಟು ನಾಲ್ಕು ದಿನ ಆಚೀಚೆ ಆದೀತು, ವಾರಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಲೇಬೇಕು ಎಂದೆ. ಇದು ರೋಗ ತಡೆಯುವುದಿಲ್ಲ, ಮುಂದಿನ ಸಲಕ್ಕೂ ಕಾಯುವುದಿಲ್ಲ ಎಂದೂ ಹೇಳಿದೆ. ಅವಳು ಪಾಠ ಬರೆದುಕೊಳ್ಳುವ ಹಾಗೆ ತಲೆಯಾಡಿಸುತ್ತಿದ್ದಳು.

"ಈಗ ತಕಂಡ್ರೂ ಆತ್ತಾ ಅಕ್ಕ?"

"ಮೊದ್ಲೇ ತಕಂಡಿದ್ರೆ ಇನ್ನೂ ಒಳ್ಳೆದಿತ್ತ್. ಆದ್ರೂ ಹೊತ್ ಮೀರ್ಲಿಲ್ಲೆ" ಎಂದೆ. ಅದಕ್ಕಿಂತ ಹೆಚ್ಚಿನ ಧೈರ್ಯ ಕೊಡಲು ನನ್ನಲ್ಲೂ ಇರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳೇ ಮಾತಾಡಿದಳು. ಪೊಟ್ಟಣ ಸಿಗಲಿಲ್ಲ ಎಂದಾಗ ಬೇಡ ಎಂದುಕೊಂಡಿದ್ದರಂತೆ. ಆದರೆ ಅವನಿಗೆ ಅವನ ಸೀನಿಯರ್ ಒಬ್ಬ, ಒಂದು ಸಲಕ್ಕೆ ಏನೂ ಆಗುವುದಿಲ್ಲ ಎಂದಿದ್ದನಂತೆ. ಇವಳಿಗೆ ಹಾಸ್ಟೆಲಿನ ಗೆಳತಿ, ಮುಟ್ಟಾಗಿ ಇಷ್ಟು ದಿನದ ಒಳಗಾದರೆ ಭಯವೇ ಇಲ್ಲ ಎಂದು ದಿನ ಎಣಿಸಿ ಕೊಟ್ಟಿದ್ದಳಂತೆ. ಮೊಬೈಲಿನಲ್ಲಿ ಯಾರೋ ನಗುತ್ತಾ ಇನ್ನೇನೋ ಹೇಳಿದ್ದನ್ನೂ ನೋಡಿದ್ದಳು. ಅವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದರು, ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಮನೆ ಕೇಳುತ್ತಾ ನಿಂತಿದ್ದೆ.

"ಗೊತ್ತಾರೆ ಮನಿಯಗೆ ಓದ್ ಬಿಡ್ಸಿ ಮದ್ವಿ ಮಾಡ್ತ್ರ್. ನಂಗೆ ಎಂ.ಕಾಂ. ಮಾಡ್ಕ್ ಅಂದೇಳಿ ಇತ್ತ್" ಎಂದಳು. ಎದ್ದು, ಚೀಲ ಏರಿಸಿಕೊಂಡು, ಕಾಲೇಜಿನ ಕಡೆಗೆ ನಡೆದಳು.

ಅವಳು ಹೋದ ಮೇಲೆ ಗಂಡ ಬಂದರು. ಎಲ್ಲ ಹೇಳಿದೆ. ಈ ಸಲ ಇಬ್ಬರೂ ನಗಲಿಲ್ಲ. ಅವರು, "ನನ್ ಬ್ರಹ್ಮಾವರದ್ ಕಥಿ ನೆನ್ಪಾಯ್ತ್" ಎಂದರು.

ಆ ಕಥೆ ನಮ್ಮಿಬ್ಬರ ನಡುವಿನ ಹಳೆಯ ತಮಾಷೆ. ನಮ್ಮ ದೊಡ್ಡ ಮಗಳಿಗೆ ಆಗ ಐದು ತಿಂಗಳು. ನಾನು ಡಿ.ಫಾರ್ಮಾ ಸೇರುವುದೆಂದು ತೀರ್ಮಾನವಾಗಿತ್ತು, ಎರಡನೆಯ ಮಗು ಸದ್ಯಕ್ಕೆ ಬೇಡವೆಂದು ನಾವು ನಿಶ್ಚಯಿಸಿದ್ದೆವು. ಬೇಕಾದದ್ದೆಲ್ಲ ನಮ್ಮದೇ ಅಂಗಡಿಯ ಕಪಾಟಿನಲ್ಲಿತ್ತು. ಆದರೆ ಬೆಳಿಗ್ಗೆಯಿಂದ ಬಾಗಿಲು ಹಾಕುವವರೆಗೂ ಮಾವ ಕೌಂಟರ್ ಬಿಟ್ಟು ಏಳುತ್ತಿರಲಿಲ್ಲ. ಅಪ್ಪನ ಎದುರು ಆ ಕಪಾಟಿಗೆ ಕೈ ಹಾಕುವ ಧೈರ್ಯ ಮಗನಿಗೆ ಬರಲಿಲ್ಲ. ಮದುವೆಯಾದ ಗಂಡಸು, ಒಂದು ಮಗುವಿನ ತಂದೆ, ಮೆಡಿಕಲ್ ಶಾಪಿನ ವಾರಸುದಾರ, ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದರು. ಅಲ್ಲಿಯ ಅಂಗಡಿಯವರು ಎರಡು ಪ್ರಶ್ನೆ ಕೇಳಿ ಮೂರನೆಯದಕ್ಕೆ, "ಹ್ವಾಯ್, ನೀವ್ ಕುಂದಾಪ್ರದ್ ಅಂಗ್ಡಿಯವ್ರ ಮಗ ಅಲ್ದಾ? ಎಂತ, ಅಪ್ಪಯ್ಯನ ಅಂಗ್ಡಿಯಗೆ ಮಾಲ್ ಮುಗ್ದಿತಾ?" ಎಂದರಂತೆ. ನಮ್ಮವರು ಒಂದು ಬಾಟಲಿ ಗ್ರೈಪ್ ವಾಟರ್ ಕೊಂಡು ವಾಪಸ್ ಬಂದರು. ನಮ್ಮ ಹೆಣ್ಣುಮಕ್ಕಳಿಬ್ಬರಿಗೆ ಹದಿನಾಲ್ಕೇ ತಿಂಗಳ ಅಂತರ. ನನ್ನ ಓದು ಎರಡು ವರ್ಷ ಹಿಂದೆ ಬಿತ್ತು.

ಇಷ್ಟು ವರ್ಷ ಆ ಗ್ರೈಪ್ ವಾಟರನ್ನು ನೆನೆದು ನಕ್ಕಿದ್ದೇವೆ. ಹಿಂದೆ ಬಿದ್ದ ಎರಡು ವರ್ಷಗಳನ್ನು ಯಾರೂ ನೆನೆದಿರಲಿಲ್ಲ, ನಾನೂ ಸೇರಿ. ಎರಡನೆಯ ಮಗಳ ಮೇಲೆ ಪ್ರಾಣವನ್ನೇ ಇಟ್ಟಿದ್ದೇನೆ, ಅದು ಬೇರೆ ಮಾತು. ಆದರೆ ಆ ವರ್ಷ ಒಂದು ಕೈಯಲ್ಲಿ ಮಗು, ಹೊಟ್ಟೆಯಲ್ಲಿ ಇನ್ನೊಂದು ಇಟ್ಟುಕೊಂಡು, ಅರ್ಜಿ ಫಾರಂ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಾಗ ನಾನು ಅತ್ತಿದ್ದೆ. ಮಂಗಳವಾರ ಆ ಹುಡುಗಿ ಎಂ.ಕಾಂ. ಎಂದಾಗ ನನಗೆ ನೆನಪಾದದ್ದು ಆ ಫಾರಂ.

ಅಲ್ಲಿಂದ ಶುರುವಾಯಿತು ನನ್ನ ಕಾಯುವಿಕೆ. ಮಾತ್ರೆ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಎರಡು ಮೂರು ವಾರ ಬೇಕು. ಅವಳ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಫೋನ್ ನಂಬರ್ ಗೊತ್ತಿಲ್ಲ. ಲೋಕದವರ ಮನೆಯನ್ನೆಲ್ಲ ಕೇಳಿಟ್ಟುಕೊಂಡ ನನಗೆ, ತಿಳಿಯಲೇಬೇಕಾದ ಒಬ್ಬಳ ಮನೆ ಗೊತ್ತಿರಲಿಲ್ಲ. ಕಾಲೇಜು ಬಿಡುವ ಹೊತ್ತಿಗೆ ಅಂಗಡಿಯ ಮುಂದೆ ಹೋಗುವ ಹುಡುಗಿಯರ ಟ್ಯಾಗಿನ ಬಣ್ಣ ನೋಡುತ್ತಾ ನಿಲ್ಲುತ್ತಿದ್ದೆ. ಒಂದು ದಿನ ಗಿರಾಕಿಯೊಬ್ಬರಿಗೆ ಬೆಳಗಿನ ಮಾತ್ರೆಯ ಪೊಟ್ಟಣದ ಮೇಲೆ ಸಂಜೆ ಎಂದು ಬರೆದುಕೊಟ್ಟು, ಅವರ ಹಿಂದೆ ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ಗಂಡ ಗದರಿದರು. ಎರಡು ವಾರ ಹೋಯಿತು, ಮೂರು ವಾರ ಹೋಯಿತು, ಅವಳು ಬರಲಿಲ್ಲ. ಬಾರದಿರುವುದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ನನಗೆ ತೀರ್ಮಾನಿಸಲು ಆಗಲಿಲ್ಲ.

ಆ ದಿನಗಳಲ್ಲೇ ನನ್ನ ಗೆಳತಿಯೊಬ್ಬಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಥೈರಾಯಿಡ್ ಮಾತ್ರೆಗೆಂದು ಬಂದಳು. ಹುಡುಗಿಯ ವಿಷಯ ತೆಗೆಯದೆ, ನಿಮ್ಮ ಮಕ್ಕಳಿಗೆ ಇವೆಲ್ಲವನ್ನು ಯಾರು ಹೇಳಿಕೊಡುತ್ತಾರೆ ಎಂದು ಕೇಳಿದೆ. ಅವಳು ನಕ್ಕಳು. "ಪುಸ್ತಕದಗೆ ಪಾಠ ಇತ್ತ್. ಆ ಪಾಠ ಬಂದಾಗ ನಾನೂ ಸ್ವಲ್ಪ ಬೇಗ್ ಬೇಗ್ ಓದ್ತೆ" ಎಂದಳು. ನಮ್ಮಿಬ್ಬರ ಮಾತು ಬೆಳೆದು, ಕೊನೆಯ ವರ್ಷದವರಿಗೆ ಒಂದು ಮಧ್ಯಾಹ್ನ ನಾನು ಬಂದು ಮಾತಾಡುವುದೆಂದಾಯಿತು. ಪೋಷಕರು ಏನಾದರೂ ಅಂದಾರು ಎಂಬ ಹೆದರಿಕೆಗೆ ಕಾರ್ಯಕ್ರಮಕ್ಕೆ ಆರೋಗ್ಯ ಮಾಹಿತಿ ಎಂಬ ಬಡಪಾಯಿ ಹೆಸರಿಟ್ಟರು.

ಸಭಾಂಗಣದಲ್ಲಿ ಹುಡುಗರು ಒಂದು ಬದಿ, ಹುಡುಗಿಯರು ಒಂದು ಬದಿ. ಅವಳು ಈ ಕಾಲೇಜಿನವಳಲ್ಲ ಎಂದು ಟ್ಯಾಗಿನ ಬಣ್ಣ ನೋಡಿದ ಕೂಡಲೇ ಗೊತ್ತಾಯಿತು. ನಾನು ಅರ್ಧ ಗಂಟೆ ಮಾತಾಡಿದೆ. ಪ್ರಶ್ನೆ ಇದ್ದರೆ ಕೇಳಿ ಎಂದರೆ ಎಲ್ಲರೂ ತಮ್ಮ ಚಪ್ಪಲಿ ನೋಡತೊಡಗಿದರು. ಗೆಳತಿ ಮೊದಲೇ ಚಪ್ಪಲಿಯ ಡಬ್ಬಿಯೊಂದಕ್ಕೆ ಸೀಳು ಮಾಡಿ ತಂದಿದ್ದಳು. ಹೆಸರು ಬರೆಯದೆ ಚೀಟಿ ಹಾಕಿ ಎಂದಳು. ಹತ್ತು ನಿಮಿಷದಲ್ಲಿ ಡಬ್ಬಿ ತುಂಬಿತು.

ಒಂದೊಂದೇ ಬಿಡಿಸಿ ಓದಿದೆ. ಪರ್ಸಿನಲ್ಲಿ ಇಟ್ಟುಕೊಂಡರೆ ಹಾಳಾಗುತ್ತದಾ ಎಂದು ಒಬ್ಬರು ಕೇಳಿದ್ದರು. ಹೌದು, ಬಿಸಿಗೂ ಮಡಿಕೆಗೂ ಹಾಳಾಗುತ್ತದೆ, ದಿನಾಂಕ ನೋಡಿಯೇ ಬಳಸಬೇಕು ಎಂದೆ. ಹುಡುಗಿಯೇ ತಂದಿಟ್ಟುಕೊಂಡರೆ ಹುಡುಗ ಅವಳನ್ನು ಏನೆಂದುಕೊಳ್ಳುತ್ತಾನೆ ಎಂದು ಇನ್ನೊಂದು ಚೀಟಿ. ಅದನ್ನು ಹುಡುಗರ ಬದಿಗೆ ತಿರುಗಿ ಎರಡು ಸಲ ಓದಿದೆ. ಉತ್ತರವನ್ನು ಅವರೇ ಯೋಚಿಸಲಿ ಎಂದು ಮುಂದಿನ ಚೀಟಿ ಬಿಡಿಸಿದೆ. ಬೇಡ ಎಂದು ಹೇಳಿದರೆ ಬಿಟ್ಟುಹೋಗುತ್ತೇನೆ ಎನ್ನುತ್ತಾನೆ, ಏನು ಮಾಡಲಿ ಎಂದು ಪುಟ್ಟ ಅಕ್ಷರದಲ್ಲಿ ಬರೆದದ್ದೊಂದಿತ್ತು. ಹೋಗಲಿ ಬಿಡು ಎಂದೆ. ಹುಡುಗಿಯರ ಬದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಒಂದು ಸಲಕ್ಕೆ ಏನೂ ಆಗುವುದಿಲ್ಲವಂತೆ ಹೌದಾ ಎಂದು ನಾಲ್ಕು ಚೀಟಿಗಳಲ್ಲಿತ್ತು. ಆ ಸೀನಿಯರ್ ಯಾರೋ, ಬಹಳ ಕಡೆ ಪಾಠ ಮಾಡಿದ್ದಾನೆ ಎಂದುಕೊಂಡೆ.

ತಳದಲ್ಲಿದ್ದ ಒಂದು ಚೀಟಿಯನ್ನು ಓದುವ ಮೊದಲು ನನಗೆ ನೀರು ಕುಡಿಯಬೇಕಾಯಿತು. ಅದರಲ್ಲಿ, ಮನೆ ಕೇಳದ ಮೆಡಿಕಲ್ ಶಾಪ್ ನಮ್ಮ ಕಡೆ ಎಲ್ಲಾದರೂ ಇದೆಯಾ, ಇದ್ದರೆ ಹೇಳಿ ಎಂದಿತ್ತು. ಸಭಾಂಗಣದಲ್ಲಿ ನಗು ಎದ್ದಿತು. ಅದು ಗೊತ್ತಿದ್ದವರ ನಗು. ಮುಂದಿನ ಸೋಮವಾರದಿಂದ ಒಂದು ಇರುತ್ತದೆ ಎಂದೆ. ಹೇಳಿದ ಮೇಲೆ, ಇದನ್ನು ನಡೆಸುವುದು ಹೇಗಪ್ಪಾ ಎಂದು ಒಳಗೇ ಹೆದರಿದೆ.

ಸೋಮವಾರ ಮಾಡಿದ್ದು ಇಷ್ಟೆ. ಹಿಂದಿನ ಕಪಾಟಿನಲ್ಲಿ ನನ್ನ ಬೆನ್ನಿಗಿದ್ದ ಕಾಂಡೋಮ್ ಪೊಟ್ಟಣಗಳನ್ನು ಮುಂದಕ್ಕೆ ತಂದು, ಗ್ಲೂಕೋಸ್ ಪುಡಿ, ಬ್ಯಾಂಡೇಜ್, ಪೇಸ್ಟುಗಳ ಸಾಲಿನಲ್ಲಿ, ಗಿರಾಕಿಯ ಕೈಗೆ ಸಿಗುವ ಹಾಗೆ ಇಟ್ಟೆ. ಮೊದಲೆಲ್ಲ ಅವನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕಿ ಕೊಡುತ್ತಿದ್ದೆವು. ಕಪ್ಪು ಚೀಲ ಹಿಡಿದವರನ್ನು ರಸ್ತೆಯೆಲ್ಲ ತಿರುಗಿ ನೋಡುತ್ತಿತ್ತು. ಈಗ ಕೆಮ್ಮಿನ ಔಷಧಿಗೂ ಅದೇ ಕಂದು ಲಕೋಟೆ, ಇದಕ್ಕೂ ಅದೇ. ಮತ್ತೆ, ಮನೆ ಕೇಳುವುದಿಲ್ಲ. ಚೀಟಿ ತಂದ ಕಾಯಿಲೆಯವರನ್ನು ಕೇಳುತ್ತೇನೆ, ಅದು ಬೇಕು. ಆ ಸಾಲಿನಿಂದ ತಾವೇ ಎತ್ತಿಕೊಂಡು ಬಂದವರನ್ನು, ತುರ್ತು ಮಾತ್ರೆ ಕೇಳಿದವರನ್ನು ಕೇಳುವುದಿಲ್ಲ. ಮೊದಲ ತಿಂಗಳು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದುಕೊಂಡೇ ನಿಲ್ಲುತ್ತಿದ್ದೆ. ಸಕ್ಕರೆ ಹಾಕದ ಚಹಾ ರೂಢಿಯಾಗಲೂ ನನಗೆ ಅಷ್ಟು ದಿನ ಬೇಕಾಗಿರಲಿಲ್ಲ.

ಎರಡೂವರೆ ತಿಂಗಳ ಮೇಲೆ ಅವಳು ಬಂದಳು. ಬೆಳಿಗ್ಗೆ, ಒಬ್ಬಳೇ, ಕೈಯಲ್ಲಿ ಊರಿಗೆ ಹೋಗುವ ದೊಡ್ಡ ಚೀಲ. ಮುಂದಿನ ಸಾಲಿನಿಂದ ಒಂದು ಪೇಸ್ಟ್, ಒಂದು ಕಾಂಡೋಮ್ ಪೊಟ್ಟಣ ತಾನೇ ಎತ್ತಿ ಕೌಂಟರಿನ ಮೇಲಿಟ್ಟಳು. ನಾನು ಲಕೋಟೆಗೆ ಹಾಕಿದೆ. ನಾಲಿಗೆ ಒತ್ತಿ ಹಿಡಿದ ನನ್ನ ಮುಖ ನೋಡಿ ಅವಳು ನಕ್ಕಳು.

"ಆ ಸಲ ಎಂತ ಆಯಿಲ್ಲೆ ಅಕ್ಕ. ಪರೀಕ್ಷಿ ಮುಗೀತ್. ಎಂ.ಕಾಂ.ಗೆ ಅರ್ಜಿ ಹಾಕಿದೆ."

ಕೌಂಟರ್ ಅಡ್ಡ ಇಲ್ಲದಿದ್ದರೆ ತಬ್ಬಿಕೊಳ್ಳುತ್ತಿದ್ದೆ. "ಒಳ್ಳೆದಾಯ್ತ್" ಎಂದಷ್ಟೇ ಹೇಳಲು ಸಾಧ್ಯವಾಯಿತು. ಲಕೋಟೆ ಚೀಲಕ್ಕೆ ಹಾಕಿಕೊಂಡು ಅವಳು ಎರಡು ಹೆಜ್ಜೆ ಹೋದವಳು ತಿರುಗಿದಳು.

"ಅಕ್ಕಾ, ನಮ್ಮನಿ ಕೆರಾಡಿ. ನಿಮ್ ಅಣ್ಣನ ಮನಿ ಗದ್ದಿ ದಾಂಟಿರೆ ನಮ್ದೇ ಅಂಗ್ಳ. ನಿಮ್ನ್ ಸಣ್ಣಿಪ್ಪತಿಗೇ ಕಂಡಿದೆ. ಅದ್ಕೇ ಆವತ್ತ್ ನಿಮ್ ಅಂಗ್ಡಿಗೆ ಎಲ್ಲಕ್ಕಿಂತ ಕಡಿಗ್ ಬಂದದ್."

ಕೆರಾಡಿ ನನ್ನ ತವರು. ಅವಳನ್ನು ನಾನು ನೋಡಿದ್ದು ತೀರ ಸಣ್ಣವಳಿದ್ದಾಗ, ಗುರುತು ಸಿಕ್ಕಿರಲಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ನಾನು ಮತ್ತೆ ಬೆರಳು ಮಡಚಿದೆ. ಭಾನುವಾರ ಬೈಂದೂರು, ಸೋಮವಾರ ಬ್ರಹ್ಮಾವರ. ಅವಳ ಹಾಸ್ಟೆಲಿನಿಂದ ನಮ್ಮ ಅಂಗಡಿಗೆ ಐದು ನಿಮಿಷದ ದಾರಿ. ನಾನು ಪರಿಚಿತಳು ಎಂಬ ಒಂದೇ ಕಾರಣಕ್ಕೆ ಅವಳು ಎರಡು ದಿನ ಕಳೆದುಕೊಂಡಿದ್ದಳು. ನನಗೆ ದುಃಖವಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ.

ಮುಂದಿನ ತಿಂಗಳು ಅಣ್ಣನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಒಣಹಾಕುತ್ತಿರುವಾಗ ಗದ್ದೆಯ ಅಂಚಿನ ಮೇಲೆ ಅವಳ ತಾಯಿ ನಡೆದು ಬಂದರು. ನನಗಿಂತ ನಾಲ್ಕು ವರ್ಷ ಸಣ್ಣವರು, ಚಿಕ್ಕಂದಿನಿಂದ ಬಲ್ಲವರು. ಪಕ್ಕದಲ್ಲಿ ಕೂತು ತಾವೂ ಹಪ್ಪಳ ತಿರುವಿ ಹಾಕತೊಡಗಿದರು.

"ನಮ್ ಹೆಣ್ಣ್ ಮೂರ್ ವರ್ಷ ಕುಂದಾಪ್ರದಗೇ ಇದ್ದಿತ್. ನಿಮ್ ಅಂಗ್ಡಿಗ್ ಬತ್ತಿತ್ತಾ ಅಕ್ಕ?" ಎಂದು ಕೇಳಿದರು.

ಆ ಮನೆಯ ಬಾಣಂತನ, ಜ್ವರ, ಅಜ್ಜನ ಹೃದಯದ ಮಾತ್ರೆ ಎಲ್ಲ ಗೊತ್ತಿದ್ದವಳು ನಾನು. ಅವರಿಂದ ಏನನ್ನೂ ಮುಚ್ಚಿಟ್ಟವಳಲ್ಲ. ಮಗಳ ಬಗ್ಗೆ ಕೇಳುವಾಗ ಆ ತಾಯಿಯ ಮುಖದಲ್ಲಿದ್ದದ್ದು ಬರೀ ಪ್ರೀತಿ. ಆದರೂ ನಾನು ಹಪ್ಪಳದಿಂದ ಕಣ್ಣೆತ್ತದೆ, "ಸುಮಾರ್ ಮಕ್ಳ್ ಬತ್ರ್. ನಾ ಈಗ ಯಾರ್ ಮನಿಯನ್ನೂ ಕೇಂತಿಲ್ಲೆ" ಎಂದೆ.

ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಬೇಸರವಾಗಿತ್ತು, ಕಾಣುತ್ತಿತ್ತು. "ನೀವ್ ಪ್ಯಾಟಿಯವ್ರೇ ಆಯ್ರಿ ಬಿಡಿ. ಊರಿನ್ ಮಕ್ಳನ್ನೂ ಮಾತಾಡ್ಸುದಿಲ್ಲೆ ಅಂದ್ರೆ" ಎಂದರು.

ಹೌದು ಎಂದೆ. ಇಬ್ಬರೂ ಸೇರಿ ಉಳಿದ ಹಪ್ಪಳ ತಿರುವಿ ಹಾಕಿದೆವು.